ಧಣಿಯ ಅಂಗಳದ ಜಾತ್ರೆ

2022ರ ಆಗಸ್ಟ್ 7, ರವಿವಾರ. ಶ್ರಾವಣದ ಜಿನುಗು ಮಳೆ. ಓಣಿಯ ಮಗ್ಗಗಳ ಸಪ್ಪಳ ನಿಂತು, ಊಟ ಮುಗಿದು, ಮಂದಿ ಮಲಗುವ ಹೊತ್ತಿನಲ್ಲಿ ನಮ್ಮ ಮನೆಯ ಪಡಸಾಲೆ ಮಾತ್ರ ತುಂಬಿತ್ತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ ನಡೆದಿತ್ತು. ಹೆಂಗಸರ ಕ್ರಿಕೆಟ್ಟನ್ನು ಆ ಕೂಟದಲ್ಲಿ ಸೇರಿಸಿದ್ದು ಅದೇ ಮೊದಲ ಸಲ. ಅಂತಿಮ ಪಂದ್ಯದಲ್ಲಿ ನಮ್ಮ ಹುಡುಗಿಯರು, ಎದುರಿಗೆ ಆಸ್ಟ್ರೇಲಿಯ. ಪಕ್ಕದ ಮನೆಯ ಹುಡುಗಿ ಹಾಸಿಗೆ ಸಮೇತ ನಮ್ಮಲ್ಲಿಗೆ ಬಂದು ಟಿವಿಯ ಮುಂದೆ ಕುಳಿತುಬಿಟ್ಟಿದ್ದಳು. ದಿನಾ ಸಂಜೆ ಹಿತ್ತಲ ಗೋಡೆಗೆ ಚೆಂಡು ಹಾಕಿ ತಿರುಗಿಸುವುದನ್ನು ಕಲಿಯುವವಳು ಅವಳು. ತಂಡದಲ್ಲಿ ವಿಜಯಪುರದ ರಾಜೇಶ್ವರಿ ಗಾಯಕವಾಡ ಇದ್ದಾಳೆ ಎಂಬುದೇ ಅವಳಿಗೆ ದೊಡ್ಡ ಸಂಗತಿ. 1997ರತನಕ ನಾವೂ ವಿಜಾಪುರ ಜಿಲ್ಲೆಯವರೇ ಆಗಿದ್ದೆವಲ್ಲ, ಆ ಲೆಕ್ಕದಲ್ಲಿ ಆಕೆ ನಮ್ಮ ಮನೆಮಗಳು.

ನಮ್ಮ ಅತ್ತೆಯವರು ಕಂಬಕ್ಕೆ ಆನಿಸಿ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಎಂಬತ್ತರ ವಯಸ್ಸು. ಕಣ್ಣು ಮಂದವಾದರೂ ಕಿವಿ ಚುರುಕು.

"ಇದ್ಯಾವ ಆಟವಾ? ಜಗತ್ತಿನ ಮಂದಿ ಎಲ್ಲಾ ಬಂದಾರೇನು?"

"ಎಲ್ಲಾರೂ ಅಲ್ರಿ ಅತ್ತಿ. ಹಿಂದಕ ಇಂಗ್ರೇಜರ ಕೈಯಾಗ ಇದ್ದ ದೇಶದವರು. ನಾಕು ವರ್ಷಕ್ಕೊಮ್ಮೆ ಕೂಡತಾರ."

"ಈಗ ಎಲ್ಲಿ ಕೂಡ್ಯಾರ?"

"ಇಂಗ್ಲೆಂಡಿನಾಗ."

ಅತ್ತೆಯವರು ಸುಣ್ಣದ ಬೆರಳನ್ನು ಹಾಗೇ ಹಿಡಿದುಕೊಂಡು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ, "ಅಂದ್ರ ಒಂದ ವಾಡೇದಾಗ ಜೀತಾ ಮಾಡಿದವರ ಮಕ್ಕಳು ಮೊಮ್ಮಕ್ಕಳೆಲ್ಲಾ ಕೂಡಿ ಜಾತ್ರಿ ಮಾಡಿಧಂಗಾತು. ಅದೂ ಧಣಿ ಅಂಗಳದಾಗ!" ಎಂದರು.

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಹನ್ನೆರಡು ದಾಟಿದ ಮೇಲೆ ನಮ್ಮವರು 9 ರನ್ನಿನಿಂದ ಸೋತು ಬೆಳ್ಳಿ ಪದಕ ತೆಗೆದುಕೊಂಡರು. ಹುಡುಗಿ ಅಳುತ್ತ ಮಲಗಿದಳು. ನನಗೆ ಮಾತ್ರ ಸೋಲಿಗಿಂತ ಆ ಮಾತೇ ನಿದ್ದೆ ಕೆಡಿಸಿತು. ಜೀತ ಎಂಬ ಶಬ್ದ ನಮ್ಮ ಅತ್ತೆಯವರ ಬಾಯಲ್ಲಿ ಸುಮ್ಮನೆ ಬರುವಂಥದ್ದಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಮರುದಿನದಿಂದ ಈ ಜಾತ್ರೆಯ ಹುಟ್ಟು ಹುಡುಕುತ್ತ ಹೋದೆ. ಮೊದಲು ಕೂಡಿದ್ದು 1930ರಲ್ಲಿ, ಕೆನಡಾದ ಹ್ಯಾಮಿಲ್ಟನ್‌ನಲ್ಲಿ. ಬಂದದ್ದು ಹನ್ನೊಂದು ದೇಶಗಳು. ಆಗಿನ ಹೆಸರು ಬ್ರಿಟಿಷ್ ಎಂಪಾಯರ್ ಗೇಮ್ಸ್, ಅಂದರೆ ಸಾಮ್ರಾಜ್ಯದ ಆಟ; ಮುಚ್ಚುಮರೆ ಏನೂ ಇಲ್ಲ. ಹೆಂಗಸರಿಗೆ ಈಜು ಒಂದನ್ನು ಬಿಟ್ಟು ಬೇರೆ ಆಟವಿರಲಿಲ್ಲ. ಅದೇ ವರ್ಷ ಗಾಂಧೀಜಿ ದಂಡಿಗೆ ನಡೆದು ಉಪ್ಪು ಎತ್ತಿದ್ದರು ಎಂಬುದನ್ನು ನೆನೆಸಿಕೊಂಡರೆ ಒಂಥರಾ ಆಗುತ್ತದೆ. 1954ಕ್ಕೆ ಹೆಸರಿನಲ್ಲಿ 'ಸಾಮ್ರಾಜ್ಯ'ದ ಪಕ್ಕದಲ್ಲಿ 'ಕಾಮನ್‌ವೆಲ್ತ್' ಬಂದು ಕುಳಿತಿತು. 1970ಕ್ಕೆ ಸಾಮ್ರಾಜ್ಯ ಎದ್ದುಹೋಯಿತು. 1978ಕ್ಕೆ 'ಬ್ರಿಟಿಷ್' ಎಂಬುದೂ ಹೋಯಿತು. ಮಕ್ಕಳು ದೊಡ್ಡವರಾದಂತೆ ಬಾಗಿಲ ಮೇಲಿನ ಹೆಸರಿನ ಹಲಗೆಯನ್ನು ಬದಲಿಸುತ್ತ ಬಂದ ಮನೆಯಂತಿದೆ ಈ ಕತೆ. ಹಲಗೆ ಬದಲಾಯಿತು ಸರಿ, ಒಳಗಿನ ಪದ್ಧತಿ ಬದಲಾಯಿತೇ ಎಂಬುದು ಬೇರೆ ಪ್ರಶ್ನೆ. ಸೊಸೆಯಂದಿರಾಗಿ ಬಂದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಭಾರತ ಮೊದಲು ಹೋದದ್ದು 1934ರ ಲಂಡನ್ ಕೂಟಕ್ಕೆ. ಆ ವರ್ಷ ನಮಗೆ ಬಂದ ಒಂದೇ ಪದಕವೆಂದರೆ ರಶೀದ್ ಅನ್ವರ್ ಎಂಬ ಪೈಲವಾನನ ಕಂಚು. ಕುಸ್ತಿಯಲ್ಲಿ! ಕ್ರಿಕೆಟ್ಟನ್ನು ಅವರು ತಂದರು, ಬ್ಯಾಡ್ಮಿಂಟನ್ನಿಗೆ ಅವರು ನಿಯಮ ಬರೆದರು, ಒಪ್ಪೋಣ. ಕುಸ್ತಿಯನ್ನು ನಮ್ಮ ಗರಡಿಮನೆಯ ಹುಡುಗರಿಗೆ ಯಾವ ಸಾಹೇಬನೂ ಕಲಿಸಬೇಕಾಗಿರಲಿಲ್ಲ. ನಮ್ಮ ಕಡೆಯ ಯಾವ ಜಾತ್ರೆಗೆ ಹೋದರೂ ಕೆಮ್ಮಣ್ಣಿನ ಅಖಾಡ ಇದ್ದೇ ಇರುತ್ತದೆ.

ಆದರೂ ಅತ್ತೆಯ ಮಾತಿನ ಮುಳ್ಳು ಹಾಗೆಯೇ ಇತ್ತು. ಧಣಿ ಮಾಡಿದ್ದನ್ನು ಮರೆತರೆ ಮಾತ್ರ ಅವನ ಅಂಗಳಕ್ಕೆ ಹೋಗಬಹುದು. ನಾವು ಮರೆತಿದ್ದೇವೆಯೇ? ನಮ್ಮ ಜಿಲ್ಲೆಯಲ್ಲಿ ಅದು ಅಷ್ಟು ಸುಲಭವಲ್ಲ. 1857ರಲ್ಲಿ ಹತಾರ ಒಪ್ಪಿಸಬೇಕೆಂಬ ಕಾಯಿದೆ ಬಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಡಿಸೆಂಬರ್ ತಿಂಗಳಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಕೂಡಿ ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಿದರು. ಆ ಊರ ಹೆಂಗಸರು ಆ ಚಳಿಗಾಲವನ್ನು ಹೇಗೆ ಕಳೆದಿರಬೇಕು ಎಂಬುದನ್ನು ಯಾವ ದಫ್ತರವೂ ಬರೆದಿಟ್ಟಿಲ್ಲ. ಲಾವಣಿಕಾರರು ಹಾಡು ಕಟ್ಟಿ ಊರೂರು ಹಾಡಿದರು. ವಿಚಿತ್ರ ನೋಡಿ, ಆ ಲಾವಣಿಯನ್ನು ಕೇಳಿ, ಬರೆಸಿಕೊಂಡು, ಅಚ್ಚು ಹಾಕಿಸಿ ನಮಗೆ ಉಳಿಸಿಕೊಟ್ಟವನೂ ಒಬ್ಬ ಇಂಗ್ರೇಜ ಅಧಿಕಾರಿಯೇ, ಜಾನ್ ಫೇತ್‌ಫುಲ್ ಫ್ಲೀಟ್. ಈ ಸೀಮೆಯಲ್ಲಿ ಸರಕಾರಿ ಕೆಲಸ ಮಾಡುತ್ತ ಚಾಲುಕ್ಯರ ಶಾಸನಗಳನ್ನು ಓದಿದಾತ. ತನ್ನ ಜನರನ್ನು ದೂರುವ ಹಾಡನ್ನು ಕೂತು ಬರೆದುಕೊಂಡನಲ್ಲ, ಆತನನ್ನು ಏನೆಂದು ಕರೆಯಬೇಕು? ಧಣಿಯೆಂದೋ ಗೆಳೆಯನೆಂದೋ? ನಮ್ಮ ಮಕ್ಕಳು ಶಾಲೆಯಲ್ಲಿ ಹಲಗಲಿ ಬೇಡರ ಪಾಠ ಓದುವಾಗಲೆಲ್ಲ ನನಗೆ ಈ ಪ್ರಶ್ನೆ ಬರುತ್ತದೆ. ಉತ್ತರ ಬಂದಿಲ್ಲ.

ಇನ್ನು ನಮ್ಮ ಇಳಕಲ್ಲಿನ ಮಾತು. ಲ್ಯಾಂಕಶಾಯರ್ ಗಿರಣಿಗಳ ಅಗ್ಗದ ಅರಿವೆ ಹಡಗು ಹಡಗು ಬಂದಿಳಿದು ಈ ದೇಶದ ಎಷ್ಟೋ ಊರುಗಳ ಮಗ್ಗದ ಕುಣಿಗಳನ್ನು ಮುಚ್ಚಿಸಿತು. ನಮ್ಮ ಮಗ್ಗ ಉಳಿದದ್ದಕ್ಕೆ ಈ ಭಾಗದ ಹೆಂಗಸರು ಕಾರಣ ಎಂದು ನಾನು ನಂಬಿದ್ದೇನೆ. ಹೊಲಕ್ಕೆ ಹೋಗುವವಳೂ ಸರಿ, ಮದುವೆಗೆ ಹೋಗುವವಳೂ ಸರಿ, ಇಳಕಲ್ ಸೀರೆ ಬಿಟ್ಟು ಬೇರೆ ಒಲ್ಲೆನೆಂದರು. ಗಿರಣಿಯವನಿಗೆ ನಮ್ಮ ಸೆರಗು ನೇಯಲು ಬರಲಿಲ್ಲ.

ಸೆರಗಿನ ಮಾತು ಬಂತೆಂದು ಹೇಳುತ್ತೇನೆ. ನಮ್ಮ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದು. ಎರಡನ್ನೂ ಎಳೆಗೆ ಎಳೆ ಕುಣಿಕೆಯೊಳಗೆ ಕುಣಿಕೆ ಹಾಕಿ ಜೋಡಿಸುವುದಕ್ಕೆ ಕೊಂಡಿ ಹಾಕುವುದು ಎನ್ನುತ್ತೇವೆ. ಬೆರಳು ಸೋಲುವ ಕೆಲಸ. ಒಂದು ಎಳೆ ತಪ್ಪಿದರೂ ಅದು ಅರಿವೆಯಲ್ಲಿ ಕಾಣುತ್ತದೆ. ಜೋಡಿಸಿದ ಮೇಲೂ ಹತ್ತಿ ಹತ್ತಿಯೇ, ರೇಷ್ಮೆ ರೇಷ್ಮೆಯೇ. 1949ರಲ್ಲಿ ಭಾರತ ಗಣರಾಜ್ಯವಾಗಲು ಹೊರಟಾಗ ಕಾಮನ್‌ವೆಲ್ತ್‌ನಲ್ಲಿ ಉಳಿಯಬೇಕೋ ಬೇಡವೋ ಎಂದು ದೊಡ್ಡ ವಾದ ನಡೆಯಿತು. ಆವರೆಗೆ ಅದರೊಳಗಿದ್ದವರೆಲ್ಲ ಬ್ರಿಟನ್ನಿನ ದೊರೆಗೆ ನಿಷ್ಠರೆಂದು ಒಪ್ಪಿಕೊಂಡವರು. ದೊರೆಯಿಲ್ಲದ ದೇಶ ದೊರೆಯ ಕೂಟದಲ್ಲಿ ಹೇಗಿದ್ದೀತು? ಏಪ್ರಿಲ್‌ನಲ್ಲಿ ಲಂಡನ್‌ನಲ್ಲಿ ಒಂದು ದಾರಿ ಕಂಡುಹಿಡಿದರು. ಭಾರತಕ್ಕೆ ದೊರೆ ಇಲ್ಲ. ಸ್ವತಂತ್ರ ದೇಶಗಳು ತಾವಾಗಿ ಕೂಡಿಕೊಂಡಿವೆ ಎಂಬುದಕ್ಕೆ ಆತ ಒಂದು ಗುರುತು ಮಾತ್ರ. ಮೇ ತಿಂಗಳಲ್ಲಿ ಸಂವಿಧಾನ ಸಭೆಯಲ್ಲಿ ನೆಹರೂ ಇದನ್ನು ಮುಂದಿಟ್ಟಾಗ ಕೆಲವರು ಗಟ್ಟಿಯಾಗಿಯೇ ವಿರೋಧಿಸಿದರು. ನಿನ್ನೆಯತನಕ ಜೇಲಿಗೆ ಹಾಕಿದವನ ಜೊತೆ ಇಂದು ಪಂಕ್ತಿಯೇ ಎಂಬುದು ಅವರ ಸಂಕಟ. ಅವರು ತಪ್ಪು ಎಂದು ಹೇಳಲು ನನಗೆ ಈಗಲೂ ಬಾಯಿ ಬರುವುದಿಲ್ಲ. ನೆಹರೂ ಹಾಕಿದ ಕೊಂಡಿಯೂ ಹರಿಯಲಿಲ್ಲ. ಆಮೇಲೆ ಸ್ವತಂತ್ರವಾದ ಎಷ್ಟೋ ದೇಶಗಳು ಅದೇ ದಾರಿಯಲ್ಲಿ ಗಣರಾಜ್ಯಗಳಾಗಿ ಒಳಗೇ ಉಳಿದವು.

ಹಾಗೆ ಉಳಿದದ್ದರಿಂದ ಧಣಿಗೆ ಏನು ಲಾಭವಾಯಿತೋ ಧಣಿಗೇ ಗೊತ್ತು. ನನಗೆ ಮುಖ್ಯವೆನಿಸುವುದು ಬೇರೆ. ಜೀತ ಮಾಡಿದವರಿಗೆ ಒಬ್ಬರ ಮುಖ ಒಬ್ಬರು ನೋಡಲು ಒಂದು ಜಾಗ ಸಿಕ್ಕಿತು. 1962ರ ಮಾರ್ಚ್‌ನಲ್ಲಿ ನಮ್ಮ ಕ್ರಿಕೆಟ್ ತಂಡ ವೆಸ್ಟ್ ಇಂಡೀಸ್‌ಗೆ ಹೋಗಿತ್ತು. ಬಾರ್ಬಡೋಸ್‌ನಲ್ಲಿ ಚಾರ್ಲಿ ಗ್ರಿಫಿತ್ ಎಸೆದ ಚೆಂಡು ನಮ್ಮ ನಾಯಕ ನಾರಿ ಕಾಂಟ್ರಾಕ್ಟರ್ ತಲೆಗೆ ಬಡಿಯಿತು. ಆಗ ತಲೆಗೆ ಹಾಕಿಕೊಳ್ಳುವ ಶಿರಸ್ತ್ರಾಣ ಎಲ್ಲಿಯದು! ಬುರುಡೆ ಒಡೆದು ಪ್ರಾಣಕ್ಕೇ ಕುತ್ತು ಬಂತು. ಶಸ್ತ್ರಚಿಕಿತ್ಸೆಗೆ ರಕ್ತ ಬೇಕಾಯಿತು. ಕೊಡಲು ಮುಂದೆ ಬಂದವರಲ್ಲಿ ಮೊದಲಿಗ ಎದುರು ತಂಡದ ನಾಯಕ ಫ್ರಾಂಕ್ ವೊರೆಲ್. ಕಬ್ಬಿನ ತೋಟಗಳಿಗೆಂದು ಆಫ್ರಿಕದಿಂದ ಹಡಗಿನಲ್ಲಿ ಕಟ್ಟಿ ತಂದ ಗುಲಾಮರ ಕುಲದವನು. ಕರಿಯನೊಬ್ಬ ವೆಸ್ಟ್ ಇಂಡೀಸ್ ತಂಡಕ್ಕೆ ಕಾಯಂ ನಾಯಕನಾಗಲು 1960ರತನಕ ಕಾಯಬೇಕಾಗಿತ್ತು. ಹಾಗೆ ಆದ ಮೊದಲಿಗ ಆತ. ಕಾಂಟ್ರಾಕ್ಟರ್ ಬದುಕಿ ಉಳಿದರು, ಮತ್ತೆ ಟೆಸ್ಟ್ ಆಡಲಿಲ್ಲ. ಕೋಲ್ಕತ್ತದಲ್ಲಿ ಬಂಗಾಲದ ಕ್ರಿಕೆಟ್ ಸಂಸ್ಥೆಯವರು ಫೆಬ್ರವರಿ 3ನ್ನು ವೊರೆಲ್ ದಿನವೆಂದು ಕರೆದು ರಕ್ತದಾನ ನಡೆಸುತ್ತ ಬಂದಿದ್ದಾರೆ.

ಈ ಸಂಗತಿಯನ್ನು ಅತ್ತೆಯವರಿಗೆ ಹೇಳಿದೆ. "ರಕ್ತಾ ಕೊಟ್ಟನೇನು?" ಎಂದು ಎರಡು ಸಲ ಕೇಳಿದರು. "ಹೊಡದವರ ಪೈಕಿಯವನ?" ಎಂದರು. ಹೌದೆಂದೆ. "ಅಂವ ಧಣಿ ಅಲ್ಲ ಬಿಡು, ನಮ್ಮವನ" ಎಂದು ತಮ್ಮ ತೀರ್ಪು ಕೊಟ್ಟರು. ಬರ್ಮಿಂಗ್‌ಹ್ಯಾಮ್ ಕೂಟದಲ್ಲಿ ಅದೇ ಬಾರ್ಬಡೋಸ್‌ನ ಹುಡುಗಿಯರ ಮೇಲೆ ನಮ್ಮವರು ನೂರು ರನ್ನಿನಿಂದ ಗೆದ್ದಿದ್ದರು. ಅದನ್ನು ಹೇಳಿದಾಗ ಮಾತ್ರ ಅತ್ತೆಗೆ ಅಷ್ಟು ಸಂತೋಷವಾಗಲಿಲ್ಲ.

ಸಂಬಂಧ ಇಟ್ಟುಕೊಂಡವರಿಗೆ ಮುನಿಯುವ ಹಕ್ಕೂ ಇರಬೇಕು. ಇಲ್ಲವಾದರೆ ಅದು ಊಳಿಗ. ದಕ್ಷಿಣ ಆಫ್ರಿಕದ ವಿಷಯದಲ್ಲಿ ಇದು ಚೆನ್ನಾಗಿ ಕಂಡಿತು. ಅಲ್ಲಿಯ ಬಿಳಿಯರ ಸರಕಾರ ಮೈಬಣ್ಣ ನೋಡಿ ಮನುಷ್ಯರನ್ನು ಬೇರೆ ಬೇರೆ ಗೂಡಿಗೆ ಹಾಕುತ್ತಿತ್ತು. 1968ರಲ್ಲಿ ಕೇಪ್‌ಟೌನ್‌ನಲ್ಲೇ ಹುಟ್ಟಿ ಇಂಗ್ಲೆಂಡಿಗೆ ಆಡುತ್ತಿದ್ದ ಬೇಸಿಲ್ ಡಿ'ಒಲಿವೇರಾ ತಂಡದಲ್ಲಿದ್ದಾನೆಂಬ ಕಾರಣಕ್ಕೆ ಇಂಗ್ಲೆಂಡ್ ತಂಡವನ್ನೇ ಒಳಗೆ ಬಿಟ್ಟುಕೊಳ್ಳಲಿಲ್ಲ. 1974ರಲ್ಲಿ ಡೇವಿಸ್ ಕಪ್ ಟೆನ್ನಿಸ್ಸಿನ ಅಂತಿಮ ಪಂದ್ಯಕ್ಕೆ ಬಂದ ನಮ್ಮ ದೇಶ ಎದುರಿಗೆ ದಕ್ಷಿಣ ಆಫ್ರಿಕ ಎಂದು ಆಡದೆಯೇ ಕಪ್ಪು ಬಿಟ್ಟುಕೊಟ್ಟಿತು. 1977ರಲ್ಲಿ ಕಾಮನ್‌ವೆಲ್ತ್ ನಾಯಕರು ಕೂಡಿ ಆ ದೇಶದೊಡನೆ ಆಟ ಬೇಡವೆಂದು ಒಪ್ಪಂದ ಮಾಡಿಕೊಂಡರು. ನಮ್ಮ ಹಳ್ಳಿಗಳಲ್ಲಿ ನೀರು ಬೆಂಕಿ ಬಂದ್ ಮಾಡುತ್ತಾರಲ್ಲ, ಹಾಗೆ. ಹಳ್ಳಿಯಲ್ಲಿ ಬಹಿಷ್ಕಾರ ಬೀಳುವುದು ಹೆಚ್ಚಾಗಿ ಬಡವನ ಮೇಲೆ. ಇಲ್ಲಿ ಮೊದಲ ಸಲ ಉಳ್ಳವನ ಮೇಲೆ ಬಿತ್ತು.

1986ರಲ್ಲಿ ಎಡಿನ್‌ಬರೋ ಕೂಟ. ಆ ಸರಕಾರದ ಮೇಲೆ ಆರ್ಥಿಕ ದಿಗ್ಬಂಧನ ಹಾಕಲು ಬ್ರಿಟನ್ನಿನ ಪ್ರಧಾನಿ ಥ್ಯಾಚರ್ ಒಪ್ಪದಿದ್ದಾಗ 32 ದೇಶಗಳು ಅಂಗಳಕ್ಕೇ ಬರುವುದಿಲ್ಲವೆಂದು ಮನೆಯಲ್ಲುಳಿದವು. ಭಾರತವೂ ಉಳಿಯಿತು. ಧಣಿಯ ಅಂಗಳದ ಜಾತ್ರೆ ಅರ್ಧ ಖಾಲಿ. ನನಗೆ ಹೆಮ್ಮೆಯೆನಿಸುತ್ತದೆ. ಆ ಹೆಮ್ಮೆಯ ಬೆನ್ನಿಗೇ ಇನ್ನೊಂದು ಯೋಚನೆ. ಆ ವರ್ಷ ಪಿ. ಟಿ. ಉಷಾ ತನ್ನ ಓಟದ ತುದಿಯಲ್ಲಿದ್ದಳು. ಎರಡು ತಿಂಗಳ ಮೇಲೆ ಸೋಲ್‌ನ ಏಶಿಯಾಡಿನಲ್ಲಿ ನಾಲ್ಕು ಚಿನ್ನ ಗೆದ್ದಳು. ಎಡಿನ್‌ಬರೋಗೆ ಹೋಗಿದ್ದರೆ ಏನಾಗುತ್ತಿತ್ತೋ? ಓಡುವವಳಿಗೆ ಕಾಲಿನಲ್ಲಿ ಕಸುವಿರುವ ವರ್ಷಗಳು ಎಷ್ಟು? ನಿರ್ಧಾರ ಮಾಡುವವರು ಕುರ್ಚಿಯ ಮೇಲಿರುತ್ತಾರೆ, ಬೆಲೆ ಕೊಡುವವರು ಅಂಗಳದಲ್ಲಿರುತ್ತಾರೆ. ದೊಡ್ಡವರ ಜಗಳದಲ್ಲಿ ತವರಿನ ಹಾದಿ ಕಡಿದುಕೊಂಡ ಹೆಣ್ಣುಮಕ್ಕಳನ್ನು ನಾವು ನೋಡಿಲ್ಲವೇ? ಜಗಳದ ಕಾರಣ ನ್ಯಾಯವಾದದ್ದೇ ಇರಬಹುದು. ಆದರೂ ಪಂಚಮಿಗೆ ಜೋಕಾಲಿ ಕಟ್ಟುವ ಹೊತ್ತಿನಲ್ಲಿ ದಾರಿ ನೋಡುತ್ತ ಕೂಡುವವಳು ಅವಳೇ. 1986ರ ನಿರ್ಧಾರ ಸರಿಯೆಂದೇ ನಾನು ಹೇಳುವುದು. ಸರಿಯಾದ ನಿರ್ಧಾರಕ್ಕೂ ಯಾರೋ ತಮ್ಮ ಪ್ರಾಯವನ್ನು ತೆತ್ತಿರುತ್ತಾರೆ, ಅವರನ್ನು ಎಣಿಸಿಕೊಳ್ಳಬೇಕು ಎನ್ನುವುದಷ್ಟೇ.

ಬಂದ್ ಆದದ್ದು ಬಿಚ್ಚಿದ ದಿನವೂ ನನಗೆ ನೆನಪಿದೆ. 1991ರ ನವೆಂಬರ್ 10. ನೆಲ್ಸನ್ ಮಂಡೇಲಾ ಬಿಡುಗಡೆಯಾಗಿ, ಆ ದೇಶ ಬದಲಾಗುವ ದಾರಿ ಹಿಡಿದಾಗ ಅಲ್ಲಿಯ ತಂಡವನ್ನು ಮೊದಲು ಕರೆದು ಆಡಿಸಿದ ಮನೆ ಭಾರತ. ಕೋಲ್ಕತ್ತದ ಈಡನ್ ಗಾರ್ಡನ್ಸ್ ತುಂಬಿ ತುಳುಕಿತ್ತು. ಬೈದವರೇ ಬಾಗಿಲಲ್ಲಿ ನಿಂತು ಕೈಕಾಲಿಗೆ ನೀರು ಕೊಟ್ಟಂತೆ.

ಈಗ ನಮ್ಮ ಅಪ್ಪನ ಕಾಲದ ಒಂದು ಜಗಳ ಹೇಳಬೇಕು. ಅಪ್ಪ ನೇಕಾರ. ಮಗ್ಗದ ಕುಣಿಯ ಪಕ್ಕದ ಗೂಡಿನಲ್ಲಿ ರೇಡಿಯೋ ಇಟ್ಟುಕೊಂಡು ಲಾಳಿ ಎಸೆಯುತ್ತಲೇ ಕ್ರಿಕೆಟ್ ಕೇಳುತ್ತಿದ್ದ. 1971ರ ಆಗಸ್ಟ್ 24ರಂದು ಓವಲ್ ಮೈದಾನದಲ್ಲಿ ಭಾರತ ಮೊದಲ ಬಾರಿಗೆ ಇಂಗ್ಲೆಂಡಿನ ನೆಲದಲ್ಲಿ ಟೆಸ್ಟ್ ಗೆದ್ದ ಕತೆ ಅವನ ಬಾಯಲ್ಲಿ ನೂರು ಸಲ ಕೇಳಿದ್ದೇನೆ. ಮೈಸೂರಿನ ಚಂದ್ರಶೇಖರ್ ಪೋಲಿಯೋ ಹೊಡೆದ ಕೈಯಿಂದಲೇ ಚೆಂಡು ತಿರುಗಿಸಿ 38 ರನ್ನಿಗೆ 6 ಜನರನ್ನು ಕೆಡವಿದ. ಇಂಗ್ಲೆಂಡ್ 101ಕ್ಕೆ ಮುಗಿಯಿತು. ಅಂದು ಗಣೇಶ ಚೌತಿ. ಅಭಿಮಾನಿಗಳು ಲಂಡನ್ನಿನ ಆ ಮೈದಾನಕ್ಕೆ ಪ್ರಾಣಿ ಸಂಗ್ರಹಾಲಯದಿಂದ ಬೆಲ್ಲಾ ಎಂಬ ಆನೆಯನ್ನು ತರಿಸಿ ನಡೆಸಿದ್ದರಂತೆ. "ಗಣಪ್ಪನ ಖುದ್ ಹೋಗಿದ್ದ" ಎನ್ನುತ್ತಿದ್ದ ಅಪ್ಪ.

ಅಪ್ಪನೂ ಅವನ ಗೆಳೆಯರೂ ಕಾದಾಡಿದ್ದು 1980ರ ಫೆಬ್ರವರಿಯಲ್ಲಿ. ನಮ್ಮ ಕ್ರಿಕೆಟ್ ಮಂಡಳಿಗೆ ಐವತ್ತು ತುಂಬಿದ ನೆನಪಿಗೆ ಮುಂಬಯಿಯಲ್ಲಿ ಇಂಗ್ಲೆಂಡಿನೊಡನೆ ಒಂದು ಟೆಸ್ಟ್. ನಮ್ಮ ನಾಯಕ ಭದ್ರಾವತಿಯ ಗುಂಡಪ್ಪ ವಿಶ್ವನಾಥ. ಇಂಗ್ಲೆಂಡ್ 58 ರನ್ನಿಗೆ ಐದು ವಿಕೆಟ್ ಕಳೆದುಕೊಂಡು ಕುಸಿದಿತ್ತು. ಬಾಬ್ ಟೇಲರ್ ಎಂಬಾತನನ್ನು ಅಂಪಾಯರ್ ಔಟ್ ಎಂದು ಬೆರಳೆತ್ತಿದ. ಆತ ಹೊರಡುವುದಕ್ಕೂ ಮನಸ್ಸಿಲ್ಲದೆ ನಿಂತಿದ್ದ. ಸ್ಲಿಪ್‌ನಲ್ಲಿದ್ದ ವಿಶ್ವನಾಥಗೆ ಚೆಂಡು ಬ್ಯಾಟಿಗೆ ತಾಗಿಲ್ಲ ಎಂದು ಗೊತ್ತಿತ್ತು. ಅಂಪಾಯರನ ಬಳಿ ಹೋಗಿ ಮನವಿ ಹಿಂತೆಗೆದುಕೊಂಡು ಟೇಲರನನ್ನು ತಿರುಗಿ ಕರೆದ. ಆ ಟೇಲರ್ ಬೋಥಮ್ ಜೊತೆ ನಿಂತು 171 ರನ್ ಕೂಡಿಸಿದ. ನಾವು ಹತ್ತು ವಿಕೆಟ್‌ಗಳಿಂದ ಸೋತೆವು.

ಕಟ್ಟೆಯ ಮೇಲೆ ವಾರಗಟ್ಟಲೆ ಇದೇ ಮಾತು. "ನೂರಾರು ವರ್ಷ ನಮ್ಮನ್ನ ಸುಲದವರಿಗೆ ಇಂವಾ ಧರ್ಮಾ ತೋರಿಸಾಕ ಹೋದ" ಎಂದು ಒಬ್ಬ. "ಅಂಪಾಯರ್ ಕೊಟ್ಟಮ್ಯಾಲೆ ಇಂವಂದೇನು ನಡುವ?" ಎಂದು ಇನ್ನೊಬ್ಬ. ಅಪ್ಪ ಮಾತ್ರ, "ಅಳತಿ ಕಡಿಮಿ ಇದ್ದ ಸೀರಿ ಗಿರಾಕಿಗೆ ಗೊತ್ತಾಗಲಿಕ್ಕಿಲ್ಲ, ನೇದವಗ ಗೊತ್ತಿರತೈತಿ" ಎಂದು ಹೇಳಿ ಮಗ್ಗಕ್ಕೆ ಇಳಿದುಬಿಡುತ್ತಿದ್ದ. ಹುಡುಗಿಯಾಗಿದ್ದ ನನಗೆ ಆಗ ಸೋತದ್ದಷ್ಟೇ ಗೊತ್ತು, ವಿಶ್ವನಾಥನ ಮೇಲೆ ಸಿಟ್ಟಿತ್ತು. ಈಗ ನೋಡಿದರೆ ಅನ್ನಿಸುವುದು ಬೇರೆ. ಪ್ರಾಮಾಣಿಕತೆ ಕಲಿಸಲು ಈ ಆಟ ತಂದೆವೆಂದು ಇಂಗ್ರೇಜರು ಹೇಳಿಕೊಳ್ಳುತ್ತಿದ್ದರು. ವಿಶ್ವನಾಥ ಅವರಿಂದ ಕಲಿತ ಪಾಠ ಒಪ್ಪಿಸಲಿಲ್ಲ, ಸಾಲವನ್ನೂ ತೀರಿಸಲಿಲ್ಲ. ಮನೆಗೆ ಬಂದವನಿಗೆ ತನ್ನ ಕೈಯಾರೆ ಏನನ್ನೋ ಕೊಟ್ಟ. ಕೊಡುವಷ್ಟು ಇದ್ದವನು ಕೊಟ್ಟ.

ಇಲ್ಲಿಗೆ ನಮ್ಮ ಅತ್ತೆಯವರ ಕತೆ ಹೇಳಬಹುದು. ಅವರ ತವರು ಹುನಗುಂದ ತಾಲೂಕಿನ ಒಂದು ಹಳ್ಳಿ. ಅಕ್ಕನ ಮದುವೆಗೆ ಮಾಡಿದ ಸಾಲಕ್ಕೆ ಅವರಪ್ಪ ಊರ ವಾಡೆಯಲ್ಲಿ ಜೀತಕ್ಕಿದ್ದರು. ಅತ್ತೆಯೂ ಏಳೆಂಟು ವರ್ಷದವರಿದ್ದಾಗಲೇ ಅಲ್ಲಿ ಸಗಣಿ ಬಳಿಯಲು ಹೋಗುತ್ತಿದ್ದರು. ಕೆಲಸ ಮುಗಿದ ಮೇಲೆ ದೊಡ್ಡ ಬಾಗಿಲ ಹೊರಗೆ ನಿಂತು ಸೆರಗು ಒಡ್ಡಬೇಕು, ಒಳಗಿನವರು ತಂಗಳ ರೊಟ್ಟಿಯನ್ನು ಮೇಲಿನಿಂದ ಹಾಕುವರು. ಮದುವೆಯಾಗಿ ಇಳಕಲ್ಲಿಗೆ ಬಂದು ಕಂಡಿಕೆ ಸುತ್ತಿ ಬದುಕು ಕಟ್ಟಿಕೊಂಡರು. 1976ರಲ್ಲಿ ಜೀತಪದ್ಧತಿ ತೆಗೆದುಹಾಕುವ ಕಾಯಿದೆ ಬಂದಾಗ ಅವರಪ್ಪ ಬದುಕಿರಲಿಲ್ಲ. ಪ್ರತಿವರ್ಷ ಊರ ಜಾತ್ರೆಗೆ ಹೋಗುತ್ತಿದ್ದರು. ವಾಡೆಯ ಮುಂದೆ ಮಾತ್ರ ಹಾಯುತ್ತಿರಲಿಲ್ಲ, ಸುತ್ತು ಹಾಕಿ ಹೋಗುವರು.

ಹತ್ತು ಹನ್ನೆರಡು ವರ್ಷದ ಹಿಂದೆ ಆ ವಾಡೆಯ ಮೊಮ್ಮಗ ಲಗ್ನಪತ್ರಿಕೆ ಹಿಡಿದು ನಮ್ಮ ಮನೆಗೆ ಬಂದ. ಬಾಗಿ ನಮಸ್ಕಾರ ಮಾಡಿ, "ಆಯೀ, ನೀವು ಬರಾಕs ಬೇಕು" ಎಂದ. ನಾವೆಲ್ಲ ಅತ್ತೆ ಹೋಗುವುದಿಲ್ಲವೆಂದೇ ತಿಳಿದಿದ್ದೆವು. ಹೋದರು. ನಾನೇ ಜೊತೆಗಿದ್ದೆ. ಆ ದೊಡ್ಡ ಬಾಗಿಲೊಳಗೆ ಕಾಲಿಡುವಾಗ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದರು. ಬೀಗರ ಸಾಲಿನಲ್ಲೇ ಕುಳಿತು ಹೋಳಿಗೆ ಉಂಡರು. ಉಡಿಯಲ್ಲಿ ಕಟ್ಟಿಕೊಂಡು ಹೋಗಿದ್ದ ಗುಳೇದಗುಡ್ಡದ ಖಣವನ್ನು ಮದುಮಗಳಿಗೆ ಕೊಟ್ಟು ಉಡಿ ತುಂಬಿದರು. ಹೊರಡುವಾಗ ಮನೆಯ ಹಿರಿಯಳು ಸೀರೆ ತಂದು ಕೊಡಬಂದಳು. ಅತ್ತೆ ಕೈ ಮುಗಿದು ಒಲ್ಲೆನೆಂದುಬಿಟ್ಟರು. ಬಸ್ಸಿನಲ್ಲಿ ನಾನು ಕೇಳಿದೆ, "ಊಟಾ ಮಾಡಿದ್ರಿ, ಸೀರಿ ಯಾಕ ಒಲ್ಲೆಂದ್ರಿ ಅತ್ತಿ?"

"ಉಣ್ಣಾಕ ಅವರ ಮಗ್ಗಲಕ ಕುಂತಿದ್ನೆವಾ. ಸೀರಿ ತಗೋಬೇಕಂದ್ರ ಮತ್ತ ಸೆರಗೊಡ್ಡಬೇಕಲ್ಲ."

ಅವಳ ಮನೆಯ ಸೊಸೆ ಇಂಥ ಆಯೇರಿಯನ್ನು ಮನಃಪೂರ್ವಕ ಕೊಟ್ಟಿರಬಹುದು ಎಂದು ನಾನು ವಾದ ಮಾಡಿದೆ. ಅತ್ತೆ ಕಿಟಕಿಯಾಚೆ ನೋಡುತ್ತ ಕುಳಿತರು.

ಈ ಲೆಕ್ಕದಲ್ಲಿ ನಮ್ಮನ್ನು ನಾವೂ ನೋಡಿಕೊಳ್ಳಬೇಕಲ್ಲ. 2010ರಲ್ಲಿ ಜಾತ್ರೆ ನಮ್ಮ ಅಂಗಳಕ್ಕೇ ಬಂತು, ದಿಲ್ಲಿಗೆ. ಕುಂದಾಪುರ ಕಡೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜೆ ಇದ್ದ ರಿಲೇ ತಂಡ ಚಿನ್ನ ಗೆದ್ದಿತು. ಕೊಡಗಿನ ಅಶ್ವಿನಿ ಪೊನ್ನಪ್ಪ ಜ್ವಾಲಾ ಗುಟ್ಟಾ ಜೊತೆ ಬ್ಯಾಡ್ಮಿಂಟನ್ ಚಿನ್ನ ತಂದಳು. ಕಣ್ಣಲ್ಲಿ ನೀರು ಬಂತು. ಆದರೆ ಅದೇ ಕೂಟಕ್ಕಾಗಿ ದಿಲ್ಲಿಯ ಬಡವರ ಗುಡಿಸಲುಗಳನ್ನು ಎತ್ತಿಸಿದರು, ಬಂದವರ ಕಣ್ಣಿಗೆ ಬೀಳದಂತೆ ತಟ್ಟಿ ಕಟ್ಟಿದರು. ವಾಡೆಗೆ ಬೀಗರು ಬರುವ ದಿನ ಜೀತದಾಳುಗಳನ್ನು ಹಿತ್ತಲಿಗೆ ಅಟ್ಟುತ್ತಿದ್ದರೆಂದು ಅತ್ತೆ ಹೇಳಿದ್ದು ನೆನಪಾಯಿತು.

ಇನ್ನೊಂದು, ನಮ್ಮ ಜೊತೆಗೇ ಜೀತದಲ್ಲಿದ್ದ, ಬಿಡುಗಡೆಯ ದಿನವೇ ಭಾಗವಾಗಿ ಹೋದ ಅಣ್ಣತಮ್ಮಂದಿರ ಮಾತು. 2022ರ ಮಾರ್ಚ್‌ನಲ್ಲಿ ನ್ಯೂಜಿಲೆಂಡ್‌ನಲ್ಲಿ ಹೆಂಗಸರ ವಿಶ್ವಕಪ್. ಪಾಕಿಸ್ತಾನದ ನಾಯಕಿ ಬಿಸ್ಮಾ ಮರೂಫ್ ಕೆಲವೇ ತಿಂಗಳ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಂದಿದ್ದಳು. ಅಂದು ನಮ್ಮ ವಿಜಯಪುರದ ರಾಜೇಶ್ವರಿ ನಾಲ್ಕು ವಿಕೆಟ್ ಕಿತ್ತು ಅವರನ್ನು ಸೋಲಿಸಿದಳು. ಆಟ ಮುಗಿದದ್ದೇ ತಡ, ನಮ್ಮ ಹುಡುಗಿಯರು ಹೋಗಿ ಆ ಕೂಸನ್ನು ಸುತ್ತುಗಟ್ಟಿ ಮುದ್ದಾಡಿದರು. ಆ ಚಿತ್ರವನ್ನು ಪೇಪರಿನಿಂದ ಕತ್ತರಿಸಿ ಇಟ್ಟುಕೊಂಡಿದ್ದೇನೆ. 2025ರ ಏಪ್ರಿಲ್‌ನಲ್ಲಿ ಪಹಲ್‌ಗಾಮ್‌ನಲ್ಲಿ 26 ಜನರ ಕೊಲೆಯಾಯಿತು. ಗಂಡನನ್ನು ಕಣ್ಣೆದುರೇ ಕಳೆದುಕೊಂಡ ಹೆಣ್ಣುಮಕ್ಕಳನ್ನು ಟಿವಿಯಲ್ಲಿ ನೋಡಿ ನಾವೆಲ್ಲ ಅತ್ತೆವು. ಅಕ್ಟೋಬರ್‌ನಲ್ಲಿ ಕೊಲಂಬೋದಲ್ಲಿ ಅದೇ ಎರಡು ದೇಶಗಳ ಹುಡುಗಿಯರು ಆಡಿದರು, ಕೈ ಕುಲುಕಲಿಲ್ಲ. ಅದು ತಪ್ಪೆನ್ನಲು ಆ ವಿಧವೆಯರ ಮುಖ ನನ್ನನ್ನು ಬಿಡುವುದಿಲ್ಲ. ಸರಿಯೆನ್ನಲು ಕತ್ತರಿಸಿಟ್ಟ ಚಿತ್ರ ಬಿಡುವುದಿಲ್ಲ. ಆಡುವುದಾದರೆ ಕೈ ಕುಲುಕಬೇಕಿತ್ತು, ಇಲ್ಲವಾದರೆ 1974ರಂತೆ ಆಡದೆಯೇ ಉಳಿಯಬೇಕಿತ್ತು ಎಂದು ನನ್ನ ಬುದ್ಧಿ ಹೇಳುತ್ತದೆ. ಉಂಡು ಮುಖ ತಿರುಗಿಸುವುದು ನಮ್ಮ ಕಡೆಯ ರೀತಿಯಲ್ಲ.

ಆ ನವೆಂಬರ್‌ನಲ್ಲಿ 2030ರ ಕೂಟವನ್ನು ಅಹಮದಾಬಾದಿಗೆ ಕೊಟ್ಟರೆಂದು ಸುದ್ದಿ ಬಂತು. ಜಾತ್ರೆಗೆ ನೂರು ತುಂಬುವ ವರ್ಷ. ಪಕ್ಕದ ಮನೆಯ ಹುಡುಗಿ ಓಡಿ ಬಂದು ಹೇಳಿದಳು. ಅವಳ ಎತ್ತರ ಈಗ ನನಗಿಂತ ಒಂದು ಗೇಣು ಹೆಚ್ಚು, ಚೆಂಡೂ ಚೆನ್ನಾಗಿ ತಿರುಗುತ್ತದೆ. ಅತ್ತೆಯವರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ಕೇಳಿದರು.

"ಅಂದ್ರ ಈ ಸಲ ನಮ್ಮ ಅಂಗಳದಾಗ?"

"ಹೌದ್ರಿ."

"ಧಣಿ ಬರ್ತಾನೇನು?"

"ಬರ್ತಾರ್ರಿ, ಎಲ್ಲಾರೂ ಬರ್ತಾರ."

"ಅಂವನ್ನ ಎಲ್ಲಿ ಕುಂದರಸ್ತೀರಿ?"

ಹುಡುಗಿ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. "ಎಲ್ಲಾರ ಸಾಲಿನ್ಯಾಗ ಕುಂದರಸ್ತೇವ್ರಿ ಅಮ್ಮಾ" ಎಂದಳು ಅವಳು.

"ಮತ್ತ ಹಿತ್ತಲದಾಗಿನವರನ್ನ?" ಎಂದರು ಅತ್ತೆ.